ಚೌರಪ್ಪನ ಗರಿ

ಇನ್ನಾಸಿಗೆ ಸಿಟ್ಟು ಬಂದರೆ ಕಿವಿ ಕೆಂಪಾಗುತ್ತಿತ್ತು. ಆವತ್ತು ಕತ್ತಿನ ತನಕ ಕೆಂಪಾಗಿತ್ತು.

ಕಾವೇರಿ ದಂಡೆಯ ಮೇಲೊಂದು ಸಣ್ಣ ಆಶ್ರಮ. ಒಂದು ದೇವಾಲಯ, ಒಂದು ಬಾವಿ, ಸುತ್ತ ಮುಳ್ಳುಬೇಲಿ, ಮುಂದೆ ಕಬ್ಬಿಣದ ಗೇಟು. ಗುರುಗಳು ಮರಿಜೋಸೆಫ್ ಸ್ವಾಮಿ, ಹಣ್ಣು ಹಣ್ಣು ಮುದುಕರು. ಶಿಷ್ಯ ಇನ್ನಾಸಿ, ಬರುವ ಪಾಸ್ಕಕ್ಕೆ, ಅಂದರೆ ಈಸ್ಟರ್ ಹಬ್ಬಕ್ಕೆ, ಸನ್ಯಾಸದ ವ್ರತ ತೊಡಬೇಕಾದವನು.

ಮಾರನೆಯ ದಿನ ವಿಭೂತಿ ಬುಧವಾರ. ಕ್ರೈಸ್ತರಿಗೆ ತಪಸ್ಸಿನ ಕಾಲ ಶುರುವಾಗುವುದು ಅಂದಿನಿಂದ. ಹಿಂದಿನ ವರ್ಷ ಗರಿಗಳ ಹಬ್ಬದಲ್ಲಿ ಮಂತ್ರಿಸಿ ಕೊಟ್ಟ ತೆಂಗಿನ ಗರಿಯನ್ನು ಜನ ವರ್ಷವೆಲ್ಲ ಬಾಗಿಲ ಮೇಲೆ ಸಿಕ್ಕಿಸಿಕೊಂಡಿರುತ್ತಾರೆ. ಒಣಗಿದ ಆ ಗರಿಗಳನ್ನು ತಂದು ಒಪ್ಪಿಸಿದರೆ, ಸುಟ್ಟು, ಅರೆದು, ಬಟ್ಟೆಯಲ್ಲಿ ಸೋಸಿ ವಿಭೂತಿ ಮಾಡುತ್ತಾರೆ. ಅದನ್ನೇ ಎಲ್ಲರ ಹಣೆಗೂ ಶಿಲುಬೆಯ ಗುರುತಾಗಿ ಇಡುವುದು.

ಗರಿ ಸುಡುವ ಕೆಲಸ ಇನ್ನಾಸಿಯದು. ರಾಶಿಯಿಂದ ಒಂದು ಗರಿಯನ್ನು ಎಳೆದು ತೆಗೆದ. ಬೇಲಿಯಾಚೆ ಚರಂಡಿಗೆ ಎಸೆದ.

ಮಂತ್ರಿಸಿದ ಗರಿಯನ್ನು ಚರಂಡಿಗೆ! ಹಾಲು ಕುಡಿಯುವ ಮಗುವಿಗೂ ಗೊತ್ತು, ಅದನ್ನು ಸುಡಬೇಕು, ಎಸೆಯಬಾರದು ಅಂತ. ಇನ್ನಾಸಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಎಸೆದ.

ಬಾವಿಯ ಹತ್ತಿರ ನಿಂತಿದ್ದ ಗುರುಗಳು ನೋಡಿದರು.

"ಯಾರ ಗರಿ ಅದು?"

"ಚೌರಪ್ಪನದು."

ಹೆಸರು ಹೇಳುವಾಗಲೇ ಅವನಿಗೆ ಬಾಯಿ ಕಹಿಯಾಯಿತು.

ಆ ಸಿಟ್ಟಿಗೆ ಕಾರಣ ಇಲ್ಲದಿಲ್ಲ, ಕೇಳಿ. ಇನ್ನಾಸಿ ಚಿಕ್ಕವನಿದ್ದಾಗ ಪಟೇಲರ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಮಗ್ಗುಲಲ್ಲೇ ಮಲಗಿದ್ದ ಕಾವಲಿನ ಮುದುಕ ಸುಟ್ಟು ಸತ್ತ. ಬೆಂಕಿ ಇಟ್ಟವನು ಪಟೇಲರ ಮಗನೇ. ಕಂಡವರಿದ್ದರು, ಯಾರೂ ತುಟಿ ಬಿಚ್ಚಲಿಲ್ಲ. ಬಿಚ್ಚಿದವನು ಚೌರಪ್ಪ ಒಬ್ಬನೇ. ಬಿಚ್ಚಿ ಏನಂದ? ಕಟಕಟೆಯಲ್ಲಿ ನಿಂತು, ದೇವರ ಮೇಲೆ ಪ್ರಮಾಣ ಮಾಡಿ, "ಬೆಂಕಿ ಇಟ್ಟವನು ಆರೋಗ್ಯಪ್ಪ, ಕಣ್ಣಾರೆ ಕಂಡೆ" ಅಂದ.

ಆರೋಗ್ಯಪ್ಪ ಇನ್ನಾಸಿಯ ಅಪ್ಪ.

ಜೈಲಿಗೆ ಹೋದವನು ಹೆಣವಾಗಿ ಮನೆಗೆ ಬಂದ. ಕೊಲೆಗಾರನ ಹೆಂಡತಿ ಅನ್ನಿಸಿಕೊಂಡು ತಾಯಿಯೂ ಆ ಕೊರಗಿನಲ್ಲೇ ಕಣ್ಣು ಮುಚ್ಚಿದಳು. ಚೌರಪ್ಪ ಊರು ಬಿಟ್ಟ. ಈಗ ತಲೆ ನೆರೆತ ಮೇಲೆ, ಯಾವುದೋ ಊರಿನ ಗರಿ ಹಿಡಿದುಕೊಂಡು ಆಶ್ರಮದ ಬಾಗಿಲಿಗೆ ಬಂದಿದ್ದ. ನೀವಾದರೆ ಏನು ಮಾಡುತ್ತಿದ್ದಿರಿ?

"ನಿನ್ನೆ ನನ್ನನ್ನ ಕಂಡಿದ್ದ," ಅಂದರು ಗುರುಗಳು. "ನಾಳೆ ಜನರ ಮುಂದೆ ನಿಂತು ನಿಜ ಹೇಳ್ತಾನಂತೆ. ನಿನಗೆ ಮೊದಲೇ ತಿಳಿಸಿ ಅಂದ."

"ಹೇಳಿಬಿಟ್ಟರೆ?"

"ವಿಭೂತಿ ಇಡ್ತೀನಿ. ಒಳಗೆ ಕೂರಿಸ್ಕೋತೀನಿ."

"ಅಷ್ಟೇನಾ?"

"ಅಷ್ಟೇ."

ಇನ್ನಾಸಿ ಕೈಯಲ್ಲಿದ್ದ ಗರಿಗಳನ್ನು ನೆಲಕ್ಕೆ ಅಪ್ಪಳಿಸಿದ.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು! ನಮ್ಮಪ್ಪ ಜೈಲಿನ ಚಾಪೆ ಮೇಲೆ ರಕ್ತ ಕಾರಿ ಸತ್ತ ಸ್ವಾಮಿ. ಇವನು ಒಂದು ಸಲ ಗೊಳೋ ಅಂತ ಅತ್ತುಬಿಟ್ಟರೆ ಮೋಕ್ಷ. ಯಾವ ಸೀಮೆ ನ್ಯಾಯ ಇದು?"

"ನ್ಯಾಯ ಅಲ್ಲ," ಅಂದರು ಗುರುಗಳು.

ವಾದಕ್ಕೆ ಸೊಂಟ ಕಟ್ಟಿ ನಿಂತಿದ್ದ ಇನ್ನಾಸಿ ತಬ್ಬಿಬ್ಬಾದ.

"ಮತ್ತೇನು?"

"ಚರಂಡಿಗೆ ಇಳಿ. ಗರಿ ಎತ್ಕೊಂಡು ಬಾ."

"ಸತ್ತರೂ ಇಳಿಯಲ್ಲ."

ಗುರುಗಳು ನಿಲುವಂಗಿ ಮೇಲೆತ್ತಿ ಸಿಕ್ಕಿಸಿಕೊಂಡರು. ಬೇಲಿ ಸುತ್ತಿ ಹೋಗಿ, ನೋಯುವ ಮೊಣಕಾಲು ಹಿಡಿದುಕೊಂಡು, ತಾವೇ ಚರಂಡಿಗೆ ಇಳಿದರು. ಗರಿಯನ್ನು ಬಾವಿ ನೀರಿನಲ್ಲಿ ತೊಳೆದರು, ಒರೆಸಿದರು, ಉಳಿದವುಗಳ ಜೊತೆ ಬೆಂಕಿಗೆ ಹಾಕಿದರು. ಒದ್ದೆ ಗರಿ ಒಂದೇ ಸಮನೆ ಹೊಗೆ ಕಾರಿತು. ಇಬ್ಬರ ಕಣ್ಣಲ್ಲೂ ನೀರು.

ಬೆಂಕಿ ಆರಿ ಬೂದಿ ಉಳಿದಾಗ ಇನ್ನಾಸಿ ಅಂದ:

"ಇದು ನನ್ನ ಹಣೆಗೆ ಬೇಡ. ಅವನದು ಸೇರಿದೆ ಇದರಲ್ಲಿ."

ಗುರುಗಳು ಒಳಗೆ ಹೋಗಿ ಸೋಸುವ ಬಟ್ಟೆ ತಂದುಕೊಟ್ಟರು.

"ಬೇರೆ ಮಾಡು."

"ಏನನ್ನ?"

"ಅವನ ಬೂದೀನ. ಆರಿಸಿ ಆಚೆ ಹಾಕು. ಉಳಿದದ್ದನ್ನ ನಿನಗೆ ಇಡ್ತೀನಿ."

ಬೇರೆ ಶಿಷ್ಯನಾಗಿದ್ದರೆ ಅಲ್ಲೇ ಕರಗಿ ಕಾಲಿಗೆ ಬೀಳುತ್ತಿದ್ದನೇನೋ. ಇಂಥ ಒಗಟಿಗೆ ಕರಗುವ ಸಿಟ್ಟಲ್ಲ ಇದು.

"ನಮ್ಮಪ್ಪನ ಸಾವು ನಿಮಗೆ ಪಾಠ ಹೇಳೋ ವಸ್ತು ಆಯ್ತಾ ಸ್ವಾಮಿ?" ಅಂದ ಇನ್ನಾಸಿ. ಬಟ್ಟೆಯನ್ನು ಬೂದಿಯ ಮೇಲೆ ಬಿಸಾಕಿ ಹೊರಟುಹೋದ.

ಗುರುಗಳು ಕುಳಿತು ಒಬ್ಬರೇ ಸೋಸಿದರು.

ಬುಧವಾರ ಬೆಳಿಗ್ಗೆ ಊರ ಜನ ಬಂದು ದೇವಾಲಯ ತುಂಬಿತು. ಕಟ್ಟಕಡೆಗೆ ಚೌರಪ್ಪ ಬರುತ್ತಿದ್ದ, ತಲೆ ತಗ್ಗಿಸಿಕೊಂಡು, ಗೋಡೆಗೆ ಒರಗಿದ ಹಾಗೆ ದಾರಿಯ ಅಂಚು ಹಿಡಿದುಕೊಂಡು. ಅವನು ಗೇಟು ಮುಟ್ಟುವ ಮೊದಲೇ ಇನ್ನಾಸಿ ಗೇಟು ಎಳೆದು ಬೀಗ ಜಡಿದ.

ಇಬ್ಬರೂ ಸರಳುಗಳ ನಡುವೆ ಒಬ್ಬರನ್ನೊಬ್ಬರು ನೋಡಿದರು. ಚೌರಪ್ಪ ಅಲ್ಲೇ ಮಣ್ಣಿನಲ್ಲಿ ಕೂತ.

ಪೂಜೆಯ ಉಡುಪಿನಲ್ಲಿ, ವಿಭೂತಿ ಬಟ್ಟಲು ಹಿಡಿದು ಗುರುಗಳು ಪೀಠದ ಮುಂದೆ ಬಂದರು. ಜನರ ಮೇಲೆ ಕಣ್ಣಾಡಿಸಿದರು.

"ಚೌರಪ್ಪ ಎಲ್ಲಿ?"

"ಗೇಟಿನಾಚೆ," ಅಂದ ಇನ್ನಾಸಿ. "ಬೀಗ ಹಾಕಿದ್ದೀನಿ. ಬೀಗದ ಕೈ ನನ್ನ ಹತ್ತಿರ ಇದೆ, ಕೊಡಲ್ಲ. ಇವತ್ತು ಇಲ್ಲಿ ಅವನೋ ನಾನೋ, ನೀವೇ ಹೇಳಿಬಿಡಿ."

ಗುರುಗಳ ಮುಖ ಕಪ್ಪಿಟ್ಟಿತು. ಅವರಿಗೆ ಸಿಟ್ಟು ಬಂದದ್ದನ್ನು ಆ ಊರವರು ಕಂಡದ್ದು ಆವತ್ತೇ.

"ಈ ಮನೆ ನಿಮ್ಮಪ್ಪಂದೂ ಅಲ್ಲ, ನಮ್ಮಪ್ಪಂದೂ ಅಲ್ಲ," ಅಂದರು. "ಬೀಗ ಇಟ್ಕೋ. ಬಾಗಿಲೂ ಇಟ್ಕೋ."

ಬಟ್ಟಲು ಹಿಡಿದುಕೊಂಡೇ ಹೊರಗೆ ನಡೆದರು. ಆಡು ಮರಿ ನುಗ್ಗಿ ನುಗ್ಗಿ ಬೇಲಿಯಲ್ಲಿ ಒಂದು ಕಂಡಿ ಬಿದ್ದಿತ್ತು. ಅದರಲ್ಲಿ ಬಗ್ಗಿ ತೂರಿದರು. ಪೂಜೆಯ ಉಡುಪು ಮುಳ್ಳಿಗೆ ಸಿಕ್ಕಿ ಪರ್ರೆಂದು ಹರಿಯಿತು, ಅವರು ಹಿಂತಿರುಗಿ ನೋಡಲಿಲ್ಲ.

ಮೊದಲು ಒಬ್ಬಳು ಮುದುಕಿ ಎದ್ದಳು. ಅವಳ ಹಿಂದೆ ಅವಳ ಸೊಸೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಸೀರೆ ಪಂಚೆ ಎತ್ತಿಕೊಂಡು ಆ ಕಂಡಿಯಲ್ಲೇ ತೂರಿ ಹೋದರು.

ದೇವಾಲಯದಲ್ಲಿ ಇನ್ನಾಸಿ ಒಬ್ಬನೇ ಉಳಿದ.

ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಹೋಗಲಿ, ಎಲ್ಲರೂ ಹಾಳಾಗಿ ಹೋಗಲಿ ಅಂದುಕೊಂಡು ಬೆಂಚಿನ ಮೇಲೆ ಕುಕ್ಕರಿಸಿದ. ಹೊರಗೆ ಒಬ್ಬೊಬ್ಬರಿಗೂ ವಿಭೂತಿ ಇಟ್ಟು ಮುಗಿಯಿತು. ಆಗ ಚೌರಪ್ಪನ ದನಿ ಕೇಳಿಸಿತು. ನಡುಗುವ ದನಿ, ಆದರೆ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳುತ್ತಿತ್ತು.

"ಆರೋಗ್ಯಪ್ಪ ಬೆಂಕಿ ಇಡಲಿಲ್ಲ. ಅವನು ಆ ಕಡೆಗೇ ಹೋಗಿರಲಿಲ್ಲ. ನಾನು ಸುಳ್ಳು ಹೇಳಿದೆ. ಪಟೇಲರಿಗೆ ಹೆದರಿ ಹೇಳಿದೆ. ಪೊಲೀಸ್ ಸ್ಟೇಷನ್ನಿಗೆ ಹೋಗಿ ನಿಜ ಬರೆಸಿ ಬಂದಿದ್ದೀನಿ. ಒಳಗೆ ಹಾಕ್ತಾರೋ ಏನೋ, ಹಾಕಲಿ. ದೇವರು ನನ್ನನ್ನ ಕ್ಷಮಿಸಲಿ."

ಇನ್ನಾಸಿ ಬೆಂಚಿನಿಂದ ಎದ್ದು ನಿಂತ.

ನಮ್ಮಪ್ಪ ಮಾಡಲಿಲ್ಲ ಅಂತ ಊರ ಮುಂದೆ ಯಾರಾದರೂ ಹೇಳಲಿ ಎಂದು ಅವನು ಬುದ್ಧಿ ಬಂದಾಗಿನಿಂದ ಕಾದಿದ್ದ. ತಾಯಿ ಅದೇ ಒಂದು ಮಾತಿಗೆ ಹಂಬಲಿಸಿ ಸತ್ತಿದ್ದಳು. ಕೊನೆಗೆ ಆ ಮಾತು ಬಂತು. ಬಂದರೆ ಈ ಬಾಯಿಂದಲೇ ಬರಬೇಕೇ? ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

ಓಡಿದ. ಬೀಗ ತೆಗೆದು ಗೇಟನ್ನು ಒದ್ದ. ಕರೆಯುವುದಕ್ಕೆ ತೆಗೆದದ್ದಲ್ಲ, ಹೊಡೆಯುವುದಕ್ಕೆ.

ಚೌರಪ್ಪನ ಕೊರಳಪಟ್ಟಿ ಹಿಡಿದು ಮೇಲಕ್ಕೆ ಎಳೆದ.

"ಅಪ್ಪ ಬದುಕಿದ್ದಾಗ ಎಲ್ಲಿ ಹೋಗಿತ್ತೋ ಈ ನಾಲಿಗೆ? ಅವ್ವ ಬೀದಿಬೀದೀಲಿ ಅಳ್ತಾ ಇದ್ದಾಗ ಎಲ್ಲಿ ಬಚ್ಚಿಟ್ಕೊಂಡಿದ್ದೆಯೋ?"

"ಹೆದರಿಕೆ ಕಣಪ್ಪಾ."

"ಈಗ ಹೆದರಿಕೆ ಇಲ್ವಾ?"

"ಇದೆ," ಅಂದ ಚೌರಪ್ಪ. "ಹೊಡಿ. ಬೇಡ ಅನ್ನಲ್ಲ."

ಇನ್ನಾಸಿ ಕೈ ಎತ್ತಿದ. ಜನರಲ್ಲಿ ಒಬ್ಬರೂ ತಡೆಯಲಿಲ್ಲ. ಅಂದು ತುಟಿ ಬಿಚ್ಚದವರಲ್ಲಿ ತಡೆಯುವ ಮುಖ ಯಾರಿಗಿತ್ತು? ಗುರುಗಳು ಮಾತ್ರ ಹತ್ತಿರ ಬಂದು, ಎತ್ತಿದ ಆ ಕೈಗೆ ವಿಭೂತಿ ಬಟ್ಟಲು ಇಟ್ಟರು.

"ಹೊಡೆಯೋದಾದರೆ ಆಮೇಲೆ ಹೊಡಿ. ಎಲ್ಲರಿಗೂ ಇಟ್ಟಾಯ್ತು, ಇವನೊಬ್ಬ ಉಳಿದಿದ್ದಾನೆ. ಇವನಿಗೆ ನೀನು ಇಡು."

"ನಾನಾ?"

"ಹೇಳೋ ಮಾತು ಗೊತ್ತಲ್ಲ?"

ಗೊತ್ತಿಲ್ಲದೆ ಏನು? ವಿಭೂತಿ ಇಡುವಾಗ ಹೇಳುವ ಮಾತು: ಪಶ್ಚಾತ್ತಾಪಪಡು, ಶುಭಸಂದೇಶವನ್ನು ನಂಬು. ಎಂಥ ಪಾಪಿಗೂ ಕ್ಷಮೆ ಇದೆ ಅನ್ನುವುದೇ ಆ ಸಂದೇಶ.

ಇನ್ನಾಸಿ ಹೆಬ್ಬೆರಳನ್ನು ಬೂದಿಗೆ ಅದ್ದಿದ. ಚೌರಪ್ಪ ಮಂಡಿಯೂರಿದ. ಇನ್ನಾಸಿ ಆ ಸುಕ್ಕು ಹಣೆಯ ಮೇಲೆ ಹೆಬ್ಬೆರಳನ್ನು ಒತ್ತಿ, ಚರ್ಮ ಕೀಳುವ ಹಾಗೆ ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆದ.

"ಪಶ್ಚಾತ್ತಾಪಪಡು!"

ಅಷ್ಟು ಜೋರಾಗಿ ಆ ಮಾತನ್ನು ಯಾರೂ ಯಾರಿಗೂ ಹೇಳಿರಲಿಲ್ಲ. ಮಕ್ಕಳು ಬೆಚ್ಚಿ ತಾಯಂದಿರ ಸೆರಗು ಹಿಡಿದುಕೊಂಡವು.

ಬೆರಳು ಅಲ್ಲಿಗೇ ನಿಂತಿತು. ಅಡ್ಡಗೆರೆ ಬೀಳಲಿಲ್ಲ.

"ಪೂರ್ತಿ ಮಾಡು," ಅಂದರು ಗುರುಗಳು.

"ಆಗಲ್ಲ."

"ಯಾಕೆ?"

"ನಂಬು ಅಂತ ಇವನಿಗೆ ಹೇಗೆ ಹೇಳಲಿ ಸ್ವಾಮಿ?" ಅಳು ಬಂದದ್ದಕ್ಕೂ ಇನ್ನಾಸಿಗೆ ಸಿಟ್ಟೇ ಬಂತು. "ಇಂಥವನಿಗೂ ಕ್ಷಮೆ ಇದೆ ಅಂತ ನಾನೇ ನಂಬಲ್ಲ. ಯೇಸು ಇವನಿಗೋಸ್ಕರಾನೂ ಸತ್ತ ಅಂತ ನಾನು ನಂಬಲ್ಲ. ಬಾಯಲ್ಲಿ ಹೇಳಿಬಿಟ್ಟರೆ ನಂದೂ ಸುಳ್ಳು ಸಾಕ್ಷಿ ಆಗುತ್ತೆ."

ಚೌರಪ್ಪ ಒಂಟಿ ಗೆರೆಯ ಹಣೆ ಎತ್ತಿಕೊಂಡು, ಕಣ್ಣು ಮುಚ್ಚಿಕೊಂಡು, ಮಂಡಿಯೂರಿದ್ದವನು ಹಾಗೇ ಇದ್ದ.

ಗುರುಗಳು ಬಟ್ಟಲನ್ನು ವಾಪಸು ತೆಗೆದುಕೊಂಡರು. ಹೆಬ್ಬೆರಳನ್ನು ಬೂದಿಗೆ ಅದ್ದಿ ಶಿಷ್ಯನ ಕಡೆ ತಿರುಗಿದರು.

"ಹಾಗಾದರೆ ಮೊದಲು ನಿನ್ನ ಹಣೆ ಬಗ್ಗಿಸು, ಮಗಾ. ಅವನು ಕಾಯ್ತಾನೆ."