ಅರಸರ ಸೈಕಲ್ಲಿನ ಕಾಯಿಲೆ

"ಸೈಕಲ್ ಪಂದ್ಯದಲ್ಲಿ ನನ್ನನ್ನು ಹಿಂದೆ ಹಾಕುವವನು ಇನ್ನೂ ಹುಟ್ಟಿಲ್ಲ!" ಎಂದು ಮಾವಿನಗುಡ್ಡ ಸಂಸ್ಥಾನದ ಅರಸ ಕೆಂಚವೀರ ನಾಯಕರು ತುಂಬಿದ ಸಭೆಯಲ್ಲಿ ಮೀಸೆ ತಿರುವಿದರು.

ಮಾತು ಸುಳ್ಳಲ್ಲ. ಸೈಕಲ್ ಕೆಟ್ಟು ನಿಂತವನನ್ನು ದಾಟಿಹೋಗುವುದು ಹೇಡಿತನ, ಅವನು ಹೊರಡುವ ತನಕ ಎದುರಾಳಿ ಕಾಯಬೇಕೆಂದು ಅರಸರೇ ಕಟ್ಟಳೆ ಮಾಡಿದ್ದರು. ಯಾರಾದರೂ ಬೆನ್ನಿಗೆ ಬಂದರೆ ಸಾಕು, ಅರಸರ ಸೈಕಲ್ ಕೆಡುತ್ತಿತ್ತು. ಎಲ್ಲರೂ ಬಿಸಿಲಲ್ಲಿ ಕಾಯುತ್ತಿದ್ದರು. ಅರಸರು ಮಜ್ಜಿಗೆ ಕುಡಿದು, ಬೆವರು ಒರೆಸಿಕೊಂಡು, ಹೊರಟು ಗೆಲ್ಲುತ್ತಿದ್ದರು.

ವಿದೂಷಕ ಅಳಸಿಂಗನಿಗೆ ನಗು ತಡೆಯಲಿಲ್ಲ.

"ಏನಯ್ಯ ಅದು?"

"ಕೆಮ್ಮು, ಮಹಾಪ್ರಭು."

"ನಾಳೆ ನನ್ನೊಡನೆ ಪಂದ್ಯಕ್ಕೆ ಬಾ. ಕೆರೆ ಏರಿಯಿಂದ ಅರಮನೆ ಬಾಗಿಲಿಗೆ. ಗೆದ್ದರೆ ನನ್ನ ಸೈಕಲ್ ನಿನ್ನದು. ಸೋತರೆ ಸಭೆ ಬಿಟ್ಟು ಗಜಶಾಲೆಯಲ್ಲಿ ಲದ್ದಿ ಎತ್ತು!"

ಗಜಶಾಲೆಯ ಆನೆಗಳ ಲೆಕ್ಕವನ್ನು ಕತೆ ಹೇಳುವವರು ಸಲಕ್ಕೊಂದರಂತೆ ಏರಿಸುತ್ತ ಬಂದಿದ್ದಾರೆ. ಒಂದೇ ಇದ್ದಿದ್ದರೂ ಅಳಸಿಂಗನ ಬಡಕಲು ಮೈಗೆ ಅದು ಹೆಚ್ಚೇ.

"ಕಾಯುವ ಕಟ್ಟಳೆ ನನಗೂ ಅನ್ವಯವೇ, ಪ್ರಭು?"

"ಇಬ್ಬರಿಗೂ! ಕಾಯದೆ ಮುಂದೆ ಹೋದವನು ಸೋತಂತೆ."

ಮರುದಿನ ಪಂದ್ಯ ಶುರುವಾಯಿತು. ಅರಸರು ನಾಲ್ಕು ಮಾರು ಮುಂದಾದರೋ ಇಲ್ಲವೋ, ಅಳಸಿಂಗ ಕೂಗಿದ: "ಪ್ರಭೂ, ನನ್ನ ಸೈಕಲ್ ಕೆಟ್ಟಿತು!"

ಅರಸರು ಹಲ್ಲು ಕಚ್ಚಿ ಇಳಿದರು. ಅಳಸಿಂಗ ಹೊಂಗೆಯ ನೆರಳಿಗೆ ಹೋಗಿ, ನಶ್ಯ ಏರಿಸಿ, ಅಂಗವಸ್ತ್ರ ಹಾಸಿ ಮಲಗಿದ.

"ರಿಪೇರಿ ಮಾಡಯ್ಯ!"

"ಅದೇ ನಡೆಯುತ್ತಿದೆ, ಪ್ರಭು."

ಹೊತ್ತು ನೆತ್ತಿಗೇರಿತು. ಅರಮನೆಯಿಂದ ಆಳು ಓಡಿಬಂದ. "ಎಲೆ ಹಾಕಿದೆ, ಬುದ್ಧಿ. ಒಬ್ಬಟ್ಟು ಆರುತ್ತಿದೆ ಅಂತ ರಾಣಿಯಮ್ಮನವರು ಹೇಳಿಕಳಿಸಿದ್ದಾರೆ."

ಅರಸರ ಕಾಲು ತಾನಾಗಿ ಪೆಡಲಿನ ಮೇಲೆ ಹೋಯಿತು.

"ಧಾರಾಳವಾಗಿ ದಯಮಾಡಿಸಿ," ಎಂದ ಅಳಸಿಂಗ, ಕಣ್ಣು ಬಿಡದೆ. "ಗೆದ್ದೆನೆಂದು ಆಮೇಲೆ ಬಂದು ಹೇಳುತ್ತೇನೆ."

ಅರಸರು ಕಾಲು ಕೆಳಗಿಟ್ಟರು. ದಾಪುಗಾಲಿಟ್ಟು ಬಂದು ಅವನ ಸೈಕಲ್ಲನ್ನು ತಡಕಿದರು. ಚೈನು ಬಿಗಿಯಾಗಿತ್ತು. ಚಕ್ರದಲ್ಲಿ ಗಾಳಿ ತುಂಬಿತ್ತು. ಗಂಟೆ ಕೂಡ ಟ್ರಿಣ್ ಎಂದಿತು.

"ಎಲ್ಲ ಸರಿಯಿದೆಯಲ್ಲಯ್ಯ ಕಳ್ಳ! ಏನು ಕೆಟ್ಟಿದೆ ಇದರಲ್ಲಿ?"

ಅಳಸಿಂಗ ಎದ್ದು ಕುಳಿತು ಕೈಮುಗಿದ.

"ತಮ್ಮ ಸೈಕಲ್ಲಿಗೆ ಬರುವ ಕಾಯಿಲೆಯೇ, ಮಹಾಪ್ರಭು. ಸವಾರ ಸೋಲುವ ಹಾಗಾದರೆ ಬರುತ್ತದೆ, ಅವನ ದಣಿವು ಆರಿದರೆ ಹೋಗುತ್ತದೆ. ತಮ್ಮದು ಅರಸು ಮೈ, ಬೇಗ ಆರುತ್ತದೆ. ನನ್ನದು ಆರಲು ನಾಳೆ ಸಂಜೆಯಾದೀತು."

ಅರಸರು ಒಂದು ಗಳಿಗೆ ಕಣ್ಣು ಕೆಂಪಗೆ ಮಾಡಿದರು. ಮರುಗಳಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸೋತೆನಯ್ಯ! ತಗೋ ಈ ಸೈಕಲ್ಲು. ಈಗ ಹಿಂದೆ ನನ್ನನ್ನು ಕೂರಿಸಿಕೊಂಡು ಬೇಗ ಬೇಗ ತುಳಿ, ಒಬ್ಬಟ್ಟು ನಿನಗೂ ಉಂಟು!"