ಟೈರು ಕೊಯ್ದ ಕಲ್ಲು

“ಬುದ್ಧೀ, ಎಲ್ಲರಿಗಿಂತ ಮೊದಲು ಏಳುತ್ತೇನೆ, ಎಲ್ಲರಿಗಿಂತ ಹೆಚ್ಚು ಜಪ ಮಾಡುತ್ತೇನೆ. ಆದರೂ ನಿಂತಲ್ಲೇ ನಿಂತಿದ್ದೇನೆ. ಸಾಲದ್ದಕ್ಕೆ ನಿನ್ನೆ ಅಷ್ಟು ಜನರ ಮುಂದೆ ನನ್ನ ಮಾನ ಕಳೆದಿರಿ. ಗುರುವಾದವರು ಹೀಗೆ ಮಾಡಬಹುದೇ?” ಎಂದು ಶಿಷ್ಯ ಕರಿಬಸವ ಕೇಳಿದ.

ಹಿಂದಿನ ದಿನ ಮಠದ ಸಭೆಯಲ್ಲಿ ಕರಿಬಸವ ತನ್ನ ಉಪವಾಸ, ತನ್ನ ಜಪದ ವಿಷಯವನ್ನೇ ಭಕ್ತರಿಗೆ ಹೇಳುತ್ತ ಹೋಗಿದ್ದ. ಗುರುಗಳು ನಡುವೆಯೇ, “ಸಾಕು, ಕೂತುಕೊಳ್ಳಪ್ಪಾ. ತುಂಬಿದ ಕೊಡ ತುಳುಕುವುದಿಲ್ಲ” ಎಂದಿದ್ದರು. ಜನ ನಕ್ಕಿದ್ದರು. ಆಗಿನಿಂದ ಅವನಿಗೆ ಊಟ ಸೇರಿರಲಿಲ್ಲ. ಬೆಳಗಿನಿಂದ ಗುರುಗಳು ಹೋದಲ್ಲೆಲ್ಲ ಹಿಂದೆ ಹೋಗಿ ಇದನ್ನೇ ಕೇಳುತ್ತಿದ್ದ.

“ಅಯ್ಯೋ ಶಿವನೇ, ನಿನ್ನ ಕಾಟ ತಡೆಯಲಾರೆ” ಎಂದು ಗುರುಗಳು ಹಣೆ ಚಚ್ಚಿಕೊಂಡರು. “ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಿದರೆ ಎದ್ದು ಹೋಗುತ್ತೇನೆ.”

ಒಬ್ಬ ಡ್ರೈವರ್ ಇದ್ದ. ಬಯಲಿನ ಟಾರು ರಸ್ತೆಯಲ್ಲಿ ಜೀಪು ಓಡಿಸಿ ರೂಢಿಯಾದವನು. ಅವನ ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ತವರೆಂದರೆ ಒಂದು ಕಲ್ಲುಗುಡ್ಡದ ನೆತ್ತಿಯ ಮೇಲಿನ ಹಟ್ಟಿ. ಬೇನೆ ಶುರುವಾಗಿದೆ, ಕೆಳಗಿನ ಊರಿನ ಸೂಲಗಿತ್ತಿ ಅಜ್ಜಿಯನ್ನು ಕರೆದುಕೊಂಡು ಬೇಗ ಬಾ ಎಂದು ಮಾವ ಫೋನ್ ಮಾಡಿದ. ಡ್ರೈವರಿಗೆ ಜೀವ ಬಾಯಿಗೆ ಬಂತು.

ಹಾದಿ ಬಹಳ ಕಡಿದು ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಹೊರಡುವ ಮೊದಲು ನಾಲ್ಕೂ ಟೈರಿಗೆ ಮಾಮೂಲಿಗಿಂತ ಹೆಚ್ಚು ಗಾಳಿ ತುಂಬಿಸಿದ. ಬಡಿದರೆ ಟಣ್ ಎನ್ನಬೇಕು, ಹಾಗೆ. ಕಷ್ಟದ ಹಾದಿಗೆ ತನ್ನಷ್ಟು ತಯಾರಾದವರು ಯಾರೂ ಇಲ್ಲ ಎಂದುಕೊಂಡ.

ಕೆಳಗಿನ ಊರಿನಲ್ಲಿ ಅಜ್ಜಿಯನ್ನು ಜೀಪಿಗೆ ಹತ್ತಿಸಿಕೊಂಡು ಗುಡ್ಡದ ಬುಡಕ್ಕೆ ಬಂದ. ಅಲ್ಲಿನ ಜೀಪಿನವರು ಕುಕ್ಕರುಗಾಲಲ್ಲಿ ಕೂತು ತಮ್ಮ ಟೈರುಗಳಿಂದ ಗಾಳಿ ಬಿಡುತ್ತಿದ್ದರು. ಅದು ಅಲ್ಲಿಯ ಪದ್ಧತಿ. ಹತ್ತುವ ಮೊದಲು ಗಾಳಿ ಇಳಿಸುವುದು, ವಾಪಸು ಬಂದ ಮೇಲೆ ಪಂಪು ಹೊಡೆದು ತುಂಬುವುದು.

“ಗಾಳಿ ಇಳಿಸಣ್ಣಾ” ಎಂದ ಅವರಲ್ಲೊಬ್ಬ. “ಬಿರುಸು ಟೈರು ಬಂಡೆ ಮೇಲೆ ಜಾರುತ್ತದೆ. ಮೆತ್ತಗಾದರೆ ಕಲ್ಲನ್ನು ಅಪ್ಪಿಕೊಂಡು ಹತ್ತುತ್ತದೆ.”

“ಗಾಳಿ ಹೋದ ಗಾಡಿಯಲ್ಲಿ ಮಾವನ ಮನೆಗೆ ಹೋಗಲೇನು? ನೋಡಿದವರು ಏನಂದಾರು?” ಎಂದು ಡ್ರೈವರ್ ಗೇರು ಹಾಕಿದ.

ಅರ್ಧ ಗುಡ್ಡದಲ್ಲಿ ಒಂದು ನುಣುಪು ಬಂಡೆ. ಅಲ್ಲಿ ಹಿಂದಿನ ಒಂದು ಚಕ್ರ ಗರಗರ ತಿರುಗಿತು, ಜೀಪು ಇದ್ದಲ್ಲೇ ಇತ್ತು. ಅವನು ಆಕ್ಸಿಲರೇಟರ್ ಒತ್ತಿದ. ಚಕ್ರ ಇನ್ನೂ ಜೋರಾಗಿ ತಿರುಗಿತು. ಇನ್ನೂ ಒತ್ತಿದ. ರಬ್ಬರು ಸುಟ್ಟ ವಾಸನೆ ಬಂತು, ಹೊಗೆ ಬಂತು, ಜೀಪು ಮಾತ್ರ ಬರಲಿಲ್ಲ. ಇಳಿದು ಹೆಗಲ ಮೇಲಿನ ಹೊಸ ಟವೆಲನ್ನು ಚಕ್ರದಡಿ ಹಾಕಿ, ಮತ್ತೆ ಹತ್ತಿ ಕೂತು ಆಕ್ಸಿಲರೇಟರ್ ಒತ್ತಿದ. ಚಕ್ರ ಅದನ್ನು ಚಿಂದಿ ಮಾಡಿ ಹಿಂದಕ್ಕೆ ಉಗುಳಿತು. ಥೂ, ಇದೂ ಒಂದು ಹಾದಿಯೇ! ಅವನು ಬಂಡೆಯನ್ನು ಬೈದ, ಟೈರು ಮಾರಿದವನನ್ನು ಬೈದ, ಇಂಥ ಎತ್ತರದಲ್ಲಿ ಮನೆ ಕಟ್ಟಿದ ಮಾವನ ಮುತ್ತಜ್ಜನನ್ನೂ ಬೈದ. ಬೈಯುವಾಗಲೂ ಕಾಲು ತೆಗೆಯಲಿಲ್ಲ. ಮೇಲೆ ಹೆಂಡತಿ ನರಳುತ್ತಿದ್ದಾಳೆ, ತಾನಿಲ್ಲಿ ಹೊಗೆ ಎಬ್ಬಿಸುತ್ತ ಕೂತಿದ್ದೇನೆ ಎಂದು ಅವನಿಗೆ ಅಳುವೇ ಬಂತು.

ಅಜ್ಜಿಗೆ ರೇಗಿತು. “ನೀನು ಹತ್ತುವಷ್ಟರಲ್ಲಿ ಕೂಸಿಗೆ ಹಲ್ಲು ಬಂದಿರುತ್ತದೆ ಕಣಪ್ಪಾ” ಎಂದವಳೇ ತನ್ನ ಗಂಟು ಹಿಡಿದು ಇಳಿದಳು. ಕಾಲುಹಾದಿ ಹಿಡಿದು ನಡೆದೇಬಿಟ್ಟಳು.

ಅವನು ಹಠ ಬಿಡಬೇಕಲ್ಲ! ಮತ್ತೆ ಒತ್ತಿದ. ತಿರುಗುತ್ತಿದ್ದ ಚಕ್ರ ಪಕ್ಕಕ್ಕೆ ಜಾರಿ ಒಂದು ಚೂಪುಗಲ್ಲಿಗೆ ತಗಲಿತು. ಕಲ್ಲು ಟೈರನ್ನು ಕೊಯ್ದಿತು. ಬುಸ್ ಎಂದು ಗಾಳಿ ಇಳಿಯತೊಡಗಿತು. ಕೆಟ್ಟೆನಲ್ಲಪ್ಪಾ ಎಂದು ಅವನು ತಲೆ ಹೊರಗೆ ಹಾಕಿ ಹಿಂದಕ್ಕೆ ನೋಡಿದ. ಆಕ್ಸಿಲರೇಟರ್ ಮೇಲಿದ್ದ ಕಾಲು ತಾನಾಗಿಯೇ ಸಡಿಲವಾಯಿತು. ಚಕ್ರ ನಿಧಾನವಾಯಿತು. ಮೆತ್ತಗಾದ ಟೈರು ಬಂಡೆಯ ಮೇಲೆ ಅಗಲವಾಗಿ ಕೂತು ಹಿಡಿದುಕೊಂಡಿತು. ಜೀಪು ತೆವಳುತ್ತ ಬಂಡೆ ದಾಟಿತು. ಹಟ್ಟಿ ಮುಟ್ಟುವವರೆಗೂ ಮತ್ತೆಲ್ಲೂ ನಿಲ್ಲಲಿಲ್ಲ.

ಅಷ್ಟರಲ್ಲಿ ಒಳಗೆ ಕೂಸು ಅಳುತ್ತಿತ್ತು. ಅಜ್ಜಿ ಕೈ ತೊಳೆಯುತ್ತಿದ್ದಳು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಹೆಂಡತಿ ಮಾತ್ರ ಗಂಡನ ಮುಖ ನೋಡಲಿಲ್ಲ. ಮುದುಕಿ ನಡೆದು ಬಂದಳು, ಜೀಪಿದ್ದವರು ಎಲ್ಲಿದ್ದಿರಿ ಎಂದು ಗೋಡೆ ಕಡೆ ತಿರುಗಿ ಕೇಳಿದಳು.

ಡ್ರೈವರ್ ಅಂಗಳಕ್ಕೆ ಬಂದು ಚಪ್ಪಟೆಯಾದ ಟೈರನ್ನು ಎಲ್ಲರಿಗೂ ತೋರಿಸಿದ. ಒಂದು ಹಾಳು ಕಲ್ಲು ಟೈರು ಕೊಯ್ದುಬಿಟ್ಟಿತು, ಅದೊಂದು ಇಲ್ಲದಿದ್ದರೆ ಅಜ್ಜಿಗಿಂತ ಮೊದಲೇ ಬಂದಿರುತ್ತಿದ್ದೆ ಎಂದ. ಈಗಲೂ ಆ ಹಾದಿಯಲ್ಲಿ ಹೋದಾಗಲೆಲ್ಲ ಜೀಪು ನಿಲ್ಲಿಸಿ, ಆ ಕಲ್ಲಿಗೆ ಉಗಿದು ಮುಂದೆ ಹೋಗುತ್ತಾನಂತೆ.

ಕರಿಬಸವನಿಗೆ ತಡೆಯಲಾಗಲಿಲ್ಲ. “ಎಂಥ ದಡ್ಡ ಬುದ್ಧೀ ಅವನು! ಅವನನ್ನು ಮೇಲಕ್ಕೆ ಹತ್ತಿಸಿದ್ದೇ ಆ ಕಲ್ಲು. ಅದನ್ನೇ ಬೈಯುತ್ತಾನಲ್ಲ!”

“ಹೌದಪ್ಪಾ, ನಿನ್ನೆಯಿಂದ ಬೈಸಿಕೊಳ್ಳುತ್ತ ಆ ಕಲ್ಲು ನಿನ್ನ ಎದುರಿಗೇ ಕೂತಿದೆ” ಎಂದರು ಗುರುಗಳು.