ಕೆಂಪು ನಕ್ಷತ್ರದ ಮಂಕು

ಪುಟ್ಟ ಕೆಂಪು ನಕ್ಷತ್ರವೊಂದರ ಬೆಳಕು ಆಗಾಗ ತುಸು ಕುಂದಿ ಮತ್ತೆ ಸರಿಹೋಗುತ್ತಿತ್ತು. ಪಕ್ಕದ ದೊಡ್ಡ ಹಳದಿ ನಕ್ಷತ್ರ ಪ್ರತಿ ಸಲವೂ, "ಮತ್ತೆ ಮಂಕಾದೆಯಲ್ಲೇ! ನಿನ್ನ ಆಯಸ್ಸು ಮುಗಿಯಿತು," ಎನ್ನುತ್ತಿತ್ತು. ಕೇಳಿ ಕೇಳಿ ಹೆದರಿದ ಕೆಂಪು ನಕ್ಷತ್ರ ಕೊನೆಗೆ ಭೂಮಿಯ ಬೆಟ್ಟವೊಂದರ ಮೇಲಿದ್ದ ದೂರದರ್ಶಕವನ್ನು ಕೂಗಿ ಕೇಳಿತು: "ಅಯ್ಯಾ, ನಾನು ಆರಿಹೋಗುತ್ತಿದ್ದೇನೆಯೇ?"

"ನೋಡದೆ ಹೇಳಲಾರೆ," ಎಂದಿತು ದೂರದರ್ಶಕ. "ಮೊದಲು ನಿಮ್ಮ ಪಕ್ಕದವರನ್ನು ಪರೀಕ್ಷಿಸುತ್ತೇನೆ. ದೂರದಿಂದ ಇಬ್ಬರ ಬೆಳಕೂ ಬೆರೆತು ಕಾಣುತ್ತದೆ. ಮಂಕು ಅವರದೇ ಇರಬಹುದು."



ಕೆಲವು ಸಲ ಬೆಳಕು ಕುಂದಿದ ಹೊತ್ತನ್ನು ಗುರುತಿಟ್ಟು ಲೆಕ್ಕ ಹಾಕಿದ ದೂರದರ್ಶಕ, ಅದು ಮತ್ತೆ ಯಾವಾಗ ಕುಂದುತ್ತದೆಂದು ಮೊದಲೇ ಹೇಳಿ, ಇಬ್ಬರನ್ನೂ ಬೇರೆ ಬೇರೆಯಾಗಿ ನೋಡುತ್ತಾ ಕಾಯಿತು. ಹೇಳಿದ ಗಳಿಗೆಗೇ ಕೆಂಪು ನಕ್ಷತ್ರ ಕುಂದಿತು. ಹಳದಿಯದರಲ್ಲಿ ಏನೂ ಬದಲಾಗಲಿಲ್ಲ.

"ಹಾಗಾದರೆ ರೋಗ ನನಗೇ!" ಎಂದು ಕೆಂಪು ನಕ್ಷತ್ರ ಅತ್ತಿತು.

"ಅಳಬೇಡಿ ತಾಯೀ. ಕೆಂಪು ಗಾಜು ಹಾಕಿಯೂ ನೋಡಿದೆ, ನೀಲಿ ಗಾಜು ಹಾಕಿಯೂ ನೋಡಿದೆ. ನಿಮ್ಮ ಮೈಮೇಲಿನ ಕಲೆಯಾಗಿದ್ದರೆ ಒಂದೊಂದರಲ್ಲಿ ಒಂದೊಂದು ತರಹ ಕಾಣುತ್ತಿತ್ತು. ಎರಡರಲ್ಲೂ ಬೆಳಕು ಒಂದೇ ಸಮ ಕುಂದಿದೆ. ನಿಮಗೇನೂ ಆಗಿಲ್ಲ. ಪುಟ್ಟ ಗ್ರಹವೊಂದು ನಿಮ್ಮನ್ನು ಸುತ್ತುತ್ತಿದೆ. ಅದು ನಿಮ್ಮ ಮುಂದೆ ಹಾದಾಗಲೆಲ್ಲ ನಿಮ್ಮ ಬೆಳಕು ಒಂದಿಷ್ಟು ಮರೆಯಾಗುತ್ತದೆ, ಅಷ್ಟೇ."

ಕೆಂಪು ನಕ್ಷತ್ರಕ್ಕೆ ಹೋದ ಜೀವ ಬಂದಂತಾಯಿತು.

ಮುಂದಿನ ಸಲ ಹಳದಿ ನಕ್ಷತ್ರ ಅಭ್ಯಾಸಬಲದಿಂದ, "ಮತ್ತೆ ಮಂಕಾದೆಯಲ್ಲೇ!" ಎಂದು ಕೂಗಿತು.

"ಸ್ವಲ್ಪ ಮೆಲ್ಲಗೆ ಮಾತಾಡಿ," ಎಂದಿತು ಕೆಂಪು ನಕ್ಷತ್ರ. "ನನ್ನ ಮಗು ಎದುರಿಗೆ ಬಂದಿದೆ."